ಶಾಸನವಿಲ್ಲದ ಆಶ್ರಯ

ಸ್ವದೇಶದ ಆಳ್ವಿಕೆಯ ಹಿಂಸೆಗೆ ಅಂಜಿ ಗಡಿ ದಾಟಿ ಬಂದವರಿಗೆ ನೆಲೆ ಕೊಟ್ಟ ವಿಷಯದಲ್ಲಿ ಸ್ವತಂತ್ರ ಭಾರತದ ದಾಖಲೆ ಸಣ್ಣದಲ್ಲ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೇ ಬಂದ ಟಿಬೆಟನ್ನರು, 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ಜನ, 1983ರ ಜನಾಂಗೀಯ ಹಿಂಸಾಚಾರದ ನಂತರ ಸಮುದ್ರ ದಾಟಿದ ಶ್ರೀಲಂಕಾದ ತಮಿಳರು, 1988ರಲ್ಲಿ ಸೈನಿಕರ ಗುಂಡಿಗೆ ಬೆದರಿ ಓಡಿದ ಬರ್ಮಾದ ವಿದ್ಯಾರ್ಥಿಗಳು, ದಶಕಗಳ ಯುದ್ಧದಿಂದ ತಪ್ಪಿಸಿಕೊಂಡ ಆಫ್ಘನ್ನರು, ಹೀಗೆ ನೆರೆಯ ಬಹುತೇಕ ಎಲ್ಲ ದೇಶಗಳ ರಾಜಕೀಯ ವಿಪ್ಲವಗಳ ಅಲೆ ಒಮ್ಮೆಯಾದರೂ ಭಾರತದ ದಡಕ್ಕೆ ಬಡಿದಿದೆ. ಇಷ್ಟಾದರೂ ನಿರಾಶ್ರಿತನೆಂದರೆ ಯಾರು, ಅವನ ಕೋರಿಕೆಯನ್ನು ಯಾವ ಅಧಿಕಾರಿ ವಿಚಾರಿಸಬೇಕು, ಕೋರಿಕೆ ತಿರಸ್ಕೃತವಾದರೆ ಎಲ್ಲಿ ಮೇಲ್ಮನವಿ ಸಲ್ಲಿಸಬೇಕು, ಒಪ್ಪಿತವಾದರೆ ಅವನಿಗೆ ಯಾವ ಹಕ್ಕುಗಳು ದೊರೆಯುತ್ತವೆ ಎಂಬುದನ್ನು ಹೇಳುವ ಒಂದು ಕಾಯ್ದೆಯನ್ನು ಭಾರತದ ಸಂಸತ್ತು ಇದುವರೆಗೂ ರೂಪಿಸಿಲ್ಲ.

ಮೇಲುನೋಟಕ್ಕೆ ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಏಳು ದಶಕಗಳ ಇತಿಹಾಸವನ್ನು ಗಮನಿಸಿದರೆ ಕಾಯ್ದೆಯ ಈ ಅಭಾವವು ಮರೆವಿನಿಂದ ಆದದ್ದಲ್ಲ, ಅದೇ ಒಂದು ನೀತಿ ಎಂಬುದು ಸ್ಪಷ್ಟವಾಗುತ್ತದೆ. ಬಂದವರು ಯಾರು, ಯಾವ ದೇಶದಿಂದ ಬಂದರು, ಆ ದೇಶದೊಂದಿಗೆ ಭಾರತದ ಸಂಬಂಧ ಆ ಹೊತ್ತಿಗೆ ಹೇಗಿದೆ ಎಂಬುದನ್ನು ನೋಡಿ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸುವ ಸ್ವಾತಂತ್ರ್ಯವನ್ನು ಕೇಂದ್ರ ಸರ್ಕಾರ ತನ್ನ ಕೈಯಲ್ಲೇ ಉಳಿಸಿಕೊಂಡಿದೆ. ಈ ಸ್ವಾತಂತ್ರ್ಯ ಎಷ್ಟು ಉದಾರವಾಗಬಲ್ಲದು ಎಂಬುದಕ್ಕೆ ಕರ್ನಾಟಕದ ಟಿಬೆಟನ್ ವಸತಿಗಳು ಸಾಕ್ಷಿಯಾಗಿವೆ. ಅದು ಎಷ್ಟು ಅನಿಶ್ಚಿತ ಎಂಬುದಕ್ಕೂ ಅವೇ ಸಾಕ್ಷಿ.

ನಿರಾಶ್ರಿತನೆಂದರೆ ಯಾರು?

ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ನೆಲೆ ಕಳೆದುಕೊಂಡ ಲಕ್ಷಾಂತರ ಜನರ ಸಮಸ್ಯೆಯನ್ನು ಎದುರಿಸಲು ರೂಪುಗೊಂಡ 1951ರ ನಿರಾಶ್ರಿತರ ಒಡಂಬಡಿಕೆಯು ಈ ಪದಕ್ಕೆ ಇಂದು ಜಗತ್ತಿನ ಬಹುಭಾಗದಲ್ಲಿ ಮಾನ್ಯವಾಗಿರುವ ಅರ್ಥವನ್ನು ಕೊಟ್ಟಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಯಾವುದಾದರೊಂದು ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯದಿಂದ ಸ್ವದೇಶವನ್ನು ತೊರೆದು, ಆ ದೇಶದ ರಕ್ಷಣೆಯನ್ನು ಪಡೆಯಲಾರದ ಅಥವಾ ಪಡೆಯಲೊಲ್ಲದ ವ್ಯಕ್ತಿ ನಿರಾಶ್ರಿತ. ಉದ್ಯೋಗ ಹುಡುಕಿಕೊಂಡು ಬರುವ ವಲಸಿಗ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಣೆಕಟ್ಟಿಗೋ ಬರಗಾಲಕ್ಕೋ ಸ್ವಂತ ದೇಶದೊಳಗೇ ನೆಲೆ ತಪ್ಪಿದವನೂ ಬರುವುದಿಲ್ಲ. ಮೊದಲಿಗೆ 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಈ ಒಡಂಬಡಿಕೆಯ ಕಾಲಮಿತಿಯನ್ನು 1967ರ ಪೂರಕ ಒಪ್ಪಂದವು ತೆಗೆದುಹಾಕಿತು.

ಒಡಂಬಡಿಕೆಯ ತಿರುಳು ಅದರ 33ನೆಯ ವಿಧಿಯಲ್ಲಿದೆ. ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತನನ್ನು ಯಾವ ರೀತಿಯಲ್ಲೂ ಮರಳಿ ಅಟ್ಟಬಾರದು ಎಂದು ಅದು ವಿಧಿಸುತ್ತದೆ. ನಾನ್-ರಿಫೌಲ್‌ಮೆಂಟ್ ಎಂಬ ಫ್ರೆಂಚ್ ಮೂಲದ ಹೆಸರಿನಿಂದ ಪ್ರಸಿದ್ಧವಾದ ಈ ತತ್ತ್ವವು, ಆ ವ್ಯಕ್ತಿಯನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕೆಂದಾಗಲಿ ಅವನಿಗೆ ಪೌರತ್ವ ಕೊಡಬೇಕೆಂದಾಗಲಿ ಹೇಳುವುದಿಲ್ಲ. ಹಿಂಸಕನ ಕೈಗೆ ಒಪ್ಪಿಸಬಾರದು ಎಂಬಷ್ಟೇ ಕನಿಷ್ಠ ಹೊಣೆಯನ್ನು ಅದು ಹೊರಿಸುತ್ತದೆ. ರಾಷ್ಟ್ರದ ಭದ್ರತೆಗೆ ಅಪಾಯಕಾರಿಯೆಂದು ನಂಬಲು ಸಕಾರಣವಿರುವ ವ್ಯಕ್ತಿಗೆ ಈ ರಕ್ಷಣೆ ದೊರೆಯುವುದಿಲ್ಲವೆಂಬ ವಿನಾಯಿತಿಯೂ ಅದೇ ವಿಧಿಯಲ್ಲಿದೆ.

ಆಶ್ರಯ ನೀಡುವುದು ಸಾರ್ವಭೌಮ ರಾಷ್ಟ್ರವೊಂದರ ಅಧಿಕಾರಕ್ಕೆ ಸೇರಿದ್ದು. 1967ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ಪ್ರಾದೇಶಿಕ ಆಶ್ರಯದ ಘೋಷಣೆಯು, ಆಶ್ರಯ ಕೊಡುವುದು ಶಾಂತಿಯುತವೂ ಮಾನವೀಯವೂ ಆದ ಕ್ರಿಯೆ, ಅದನ್ನು ಬೇರೊಂದು ದೇಶ ಹಗೆತನವೆಂದು ಭಾವಿಸತಕ್ಕದ್ದಲ್ಲ ಎಂದು ಸಾರಿತು. ಆದರೆ ರಾಜಕೀಯ ಕಾರಣಗಳಿಂದ ಓಡಿ ಬಂದವನಿಗೆ ಬಾಗಿಲು ತೆರೆದಾಗ, ಅವನನ್ನು ಓಡಿಸಿದ ಸರ್ಕಾರದ ಬಗ್ಗೆ ಒಂದು ಅಭಿಪ್ರಾಯವನ್ನು ಹೇಳದೆಯೇ ಹೇಳಿದಂತಾಗುತ್ತದೆ ಎಂಬುದನ್ನು ಯಾವ ಘೋಷಣೆಯೂ ಅಳಿಸಲಾರದು. ರಾಜಕೀಯ ನಿರಾಶ್ರಿತರ ಪ್ರಶ್ನೆಯಲ್ಲಿ ಗೃಹ ಸಚಿವಾಲಯದಷ್ಟೇ ವಿದೇಶಾಂಗ ಸಚಿವಾಲಯದ ಪಾತ್ರವೂ ಇರುವುದಕ್ಕೆ ಇದೇ ಕಾರಣ.

ಸಹಿ ಹಾಕದ ದೇಶ

1951ರ ಒಡಂಬಡಿಕೆಗಾಗಲಿ 1967ರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ಇದಕ್ಕೆ ಮುಂದಿಡಲಾಗುವ ಕಾರಣಗಳು ಹಲವು. ದೇಶವಿಭಜನೆಯಿಂದ ನೆಲೆ ತಪ್ಪಿದ ಕೋಟ್ಯಂತರ ಜನರ ಪುನರ್ವಸತಿಯ ಭಾರವನ್ನು ಭಾರತ ಏಕಾಂಗಿಯಾಗಿ ಹೊತ್ತಿದ್ದ ಕಾಲದಲ್ಲೇ, ಆ ದುರಂತದತ್ತ ನೋಡದೆ ಯುರೋಪಿನ ಅನುಭವವನ್ನಷ್ಟೇ ಮುಂದಿಟ್ಟುಕೊಂಡು ಒಡಂಬಡಿಕೆ ರಚನೆಯಾಯಿತು. ಅದು ಶೀತಲ ಸಮರದ ಕಾಲವೂ ಆಗಿದ್ದು, ಪೂರ್ವ ಯುರೋಪಿನ ಕಮ್ಯುನಿಸ್ಟ್ ರಾಷ್ಟ್ರಗಳಿಂದ ತಪ್ಪಿಸಿಕೊಂಡು ಬಂದವರನ್ನು ಪಶ್ಚಿಮದ ರಾಷ್ಟ್ರಗಳು ತಮ್ಮ ವ್ಯವಸ್ಥೆಯ ಮೇಲ್ಮೆಗೆ ಪುರಾವೆಯಾಗಿ ತೋರಿಸುತ್ತಿದ್ದುದರಿಂದ, ಅಲಿಪ್ತ ನೀತಿಯ ಭಾರತಕ್ಕೆ ಆ ವ್ಯವಸ್ಥೆಯ ಬಗ್ಗೆ ಸಂಶಯವಿತ್ತು. ಸಾವಿರಾರು ಕಿಲೋಮೀಟರ್ ಉದ್ದದ, ಸುಲಭವಾಗಿ ದಾಟಬಹುದಾದ ಗಡಿಗಳು, ಗಡಿಯ ಎರಡೂ ಬದಿಗಳಲ್ಲಿ ಹಂಚಿಹೋದ ಒಂದೇ ಭಾಷೆಯ ಅಥವಾ ಬುಡಕಟ್ಟಿನ ಜನ, ಸೀಮಿತ ಸಂಪನ್ಮೂಲಗಳು, ಭದ್ರತೆಯ ಆತಂಕ ಇವೆಲ್ಲವೂ ನಂತರದ ಸರ್ಕಾರಗಳು ಅದೇ ನಿಲುವಿಗೆ ಅಂಟಿಕೊಳ್ಳಲು ಕಾರಣವಾದವು.

ಹಾಗೆಂದು ಭಾರತ ಈ ವ್ಯವಸ್ಥೆಯಿಂದ ಪೂರ್ತಿ ಹೊರಗುಳಿದಿಲ್ಲ. ಕಿರುಕುಳದಿಂದ ಪಾರಾಗಲು ಬೇರೆ ದೇಶಗಳಲ್ಲಿ ಆಶ್ರಯ ಕೋರುವ ಹಕ್ಕನ್ನು 14ನೆಯ ವಿಧಿಯಲ್ಲಿ ಸಾರಿದ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಅದು ಮತ ನೀಡಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು 1979ರಲ್ಲಿ ಒಪ್ಪಿಕೊಂಡಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಕಾರ್ಯಕಾರಿ ಸಮಿತಿಯಲ್ಲಿ 1995ರಿಂದ ಸದಸ್ಯತ್ವ ಹೊಂದಿದೆ. ಈ ಹೈಕಮಿಷನರ್ ಕಚೇರಿ ದೆಹಲಿಯಲ್ಲಿದ್ದುಕೊಂಡು ಮುಖ್ಯವಾಗಿ ಆಫ್ಘಾನಿಸ್ತಾನ ಮತ್ತು ಮ್ಯಾನ್ಮಾರ್‌ನಿಂದ ಬಂದವರ ಕೋರಿಕೆಗಳನ್ನು ಪರಿಶೀಲಿಸಿ ಗುರುತಿನ ಚೀಟಿ ಕೊಡುತ್ತದೆ. ಆ ಚೀಟಿಯನ್ನು ಪೊಲೀಸರು ಅನೇಕ ಸಲ ಗೌರವಿಸುತ್ತಾರಾದರೂ, ಅದಕ್ಕೆ ಭಾರತದ ಯಾವ ಕಾಯ್ದೆಯ ಬೆಂಬಲವೂ ಇಲ್ಲ.

ಇರುವ ಕಾನೂನು ಏನು ಹೇಳುತ್ತದೆ?

ಪ್ರತ್ಯೇಕ ಕಾಯ್ದೆ ಇಲ್ಲದಿರುವಾಗ ನಿರಾಶ್ರಿತನನ್ನು ಕಾನೂನು ನೋಡುವುದು ವಿದೇಶಿಯನನ್ನಾಗಿ ಮಾತ್ರ. ಬಹುಕಾಲ ಈ ಕ್ಷೇತ್ರವನ್ನು ಆಳಿದ್ದು ಬ್ರಿಟಿಷರ ಕಾಲದ 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ. ಇವನ್ನೂ 2000ದ ಇನ್ನೊಂದು ಕಾಯ್ದೆಯನ್ನೂ ರದ್ದುಪಡಿಸಿ ಅವುಗಳ ಸ್ಥಾನದಲ್ಲಿ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಶತಮಾನದ ಹಳೆಯ ಚೌಕಟ್ಟನ್ನು ಹೊಸದಾಗಿಸುವ ಅವಕಾಶ ಇದಾಗಿದ್ದರೂ, ನಿರಾಶ್ರಿತ ಎಂಬ ವರ್ಗವನ್ನು ಈ ಕಾಯ್ದೆಯೂ ಗುರುತಿಸಲಿಲ್ಲ. ಸರಿಯಾದ ದಾಖಲೆಯಿಲ್ಲದೆ ಒಳಬಂದವನು ಪ್ರವಾಸಿಯಾಗಿರಲಿ, ಕಳ್ಳಸಾಗಣೆದಾರನಾಗಿರಲಿ, ಸೆರೆಮನೆಯಿಂದ ತಪ್ಪಿಸಿಕೊಂಡ ಪತ್ರಕರ್ತನಾಗಿರಲಿ, ಕಾಯ್ದೆಯ ಕಣ್ಣಿಗೆ ಎಲ್ಲರೂ ಅಪರಾಧಿಗಳೇ. ಇವರಲ್ಲಿ ಕೆಲವರನ್ನು ಶಿಕ್ಷೆಯಿಂದ ಹೊರಗಿಡುವ ಅಧಿಕಾರ ಮಾತ್ರ ಕೇಂದ್ರ ಸರ್ಕಾರಕ್ಕಿದ್ದು, ಅದನ್ನು ಚಲಾಯಿಸಿ ಹೊರಡಿಸಿದ ಆದೇಶದಲ್ಲಿ ನೋಂದಾಯಿತ ಟಿಬೆಟನ್ನರಿಗೂ 2015ರ ಜನವರಿ 9ಕ್ಕಿಂತ ಮೊದಲು ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೂ ವಿನಾಯಿತಿ ದೊರೆತಿದೆ.

ಕಾಯ್ದೆಗಿಂತ ಮೇಲಿನ ಸಂವಿಧಾನವು ಇಷ್ಟು ಕಠಿಣವಾಗಿಲ್ಲ. ವಾಕ್ ಸ್ವಾತಂತ್ರ್ಯ, ದೇಶದಲ್ಲೆಲ್ಲ ಸಂಚರಿಸಿ ನೆಲೆಸುವ ಸ್ವಾತಂತ್ರ್ಯ ಮೊದಲಾದ 19ನೆಯ ವಿಧಿಯ ಹಕ್ಕುಗಳು ನಾಗರಿಕರಿಗಷ್ಟೇ ಮೀಸಲಾಗಿದ್ದರೂ, 14ನೆಯ ವಿಧಿಯ ಸಮಾನತೆ ಮತ್ತು 21ನೆಯ ವಿಧಿಯ ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಸಲ್ಲುತ್ತವೆ. ಇದನ್ನೇ ಆಧರಿಸಿ ಸುಪ್ರೀಂ ಕೋರ್ಟ್ 1996ರಲ್ಲಿ, ಅರುಣಾಚಲ ಪ್ರದೇಶದಿಂದ ಚಕ್ಮಾ ಜನರನ್ನು ಬಲವಂತದಿಂದ ಹೊರದೂಡುವ ಬೆದರಿಕೆಯ ವಿರುದ್ಧ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೂಡಿದ್ದ ಪ್ರಕರಣದಲ್ಲಿ, ಅವರ ಜೀವವನ್ನು ಕಾಪಾಡುವುದು ರಾಜ್ಯ ಸರ್ಕಾರದ ಕರ್ತವ್ಯವೆಂದು ಹೇಳಿತು. ಗುಜರಾತ್ ಹೈಕೋರ್ಟ್ 1990ರ ದಶಕದ ಕೊನೆಯಲ್ಲಿ ಇರಾಕಿನ ಇಬ್ಬರು ನಿರಾಶ್ರಿತರ ಪ್ರಕರಣದಲ್ಲಿ, ಮರಳಿ ಅಟ್ಟದಿರುವ ತತ್ತ್ವವು 21ನೆಯ ವಿಧಿಯಲ್ಲೇ ಅಡಗಿದೆ ಎಂದು ಅಭಿಪ್ರಾಯಪಟ್ಟಿತು. ಮಣಿಪುರ ಹೈಕೋರ್ಟ್ 2021ರ ಮೇ ತಿಂಗಳಲ್ಲಿ, ಮ್ಯಾನ್ಮಾರ್‌ನ ಸೇನಾ ಕ್ರಾಂತಿಯ ನಂತರ ಗಡಿ ದಾಟಿ ಬಂದಿದ್ದ ಪತ್ರಕರ್ತರು ದೆಹಲಿಗೆ ತೆರಳಿ ಹೈಕಮಿಷನರ್ ಕಚೇರಿಯಲ್ಲಿ ರಕ್ಷಣೆ ಕೋರಲು ದಾರಿ ಮಾಡಿಕೊಟ್ಟಿತು.

ಆದರೆ ನ್ಯಾಯಾಲಯಗಳ ಧ್ವನಿ ಎಲ್ಲ ಕಾಲದಲ್ಲೂ ಒಂದೇ ಆಗಿಲ್ಲ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ಸುಪ್ರೀಂ ಕೋರ್ಟ್ 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿತ್ತು. 2021ರ ಏಪ್ರಿಲ್ 8ರಂದು, ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳನ್ನು ಮ್ಯಾನ್ಮಾರ್‌ಗೆ ಗಡೀಪಾರು ಮಾಡುವುದನ್ನು ತಡೆಯಲು ಅದು ನಿರಾಕರಿಸಿ, 14 ಮತ್ತು 21ನೆಯ ವಿಧಿಗಳು ಎಲ್ಲರಿಗೂ ಅನ್ವಯಿಸಿದರೂ ಗಡೀಪಾರಾಗದೆ ಉಳಿಯುವ ಹಕ್ಕು 19ನೆಯ ವಿಧಿಯೊಂದಿಗೆ ಬೆಸೆದುಕೊಂಡಿರುವುದರಿಂದ ನಾಗರಿಕರಿಗೆ ಮಾತ್ರ ಸೇರಿದ್ದೆಂದು ವಿವರಿಸಿತು. ನಿಗದಿತ ಕಾರ್ಯವಿಧಾನವನ್ನು ಅನುಸರಿಸದೆ ಗಡೀಪಾರು ಮಾಡಬಾರದೆಂಬ ಷರತ್ತನ್ನಷ್ಟೇ ಸೇರಿಸಿತು. ಒಂದೇ ವಿಧಿಯನ್ನು ಒಂದು ನ್ಯಾಯಾಲಯ ರಕ್ಷಣೆಯ ಗೋಡೆಯೆಂದೂ ಇನ್ನೊಂದು ಮಿತವಾದ ಭರವಸೆಯೆಂದೂ ಓದುವುದಕ್ಕೆ ಎಡೆಯಾಗಿರುವುದು ಸಂಸತ್ತು ಮೌನವಾಗಿರುವುದರಿಂದ.

ಆಡಳಿತದ ಮಟ್ಟದಲ್ಲಿ ಈ ಮೌನವನ್ನು ತುಂಬಲು ಗೃಹ ಸಚಿವಾಲಯವು 2011ರ ಡಿಸೆಂಬರ್ 29ರಂದು ಒಂದು ಕಾರ್ಯವಿಧಾನವನ್ನು ಹೊರಡಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿತು. ತಾನು ನಿರಾಶ್ರಿತನೆಂದು ಹೇಳಿಕೊಳ್ಳುವ ವಿದೇಶಿಯನ ಕೋರಿಕೆಯಲ್ಲಿ ಮೇಲುನೋಟಕ್ಕೆ ಹುರುಳಿದೆಯೆಂದು ಕಂಡರೆ ಭದ್ರತಾ ಪರಿಶೀಲನೆಯ ನಂತರ ಅವನಿಗೆ ದೀರ್ಘಾವಧಿ ವೀಸಾ ಕೊಡಬಹುದು, ಅಂಥ ವೀಸಾ ಪಡೆದವರು ಖಾಸಗಿ ವಲಯದಲ್ಲಿ ಉದ್ಯೋಗ ಮಾಡಬಹುದು, ಶಿಕ್ಷಣ ಸಂಸ್ಥೆಗಳಿಗೆ ಸೇರಬಹುದು ಎಂಬುದು ಅದರ ಸಾರ. ಇದೊಂದು ಮುಖ್ಯವಾದ ಹೆಜ್ಜೆಯೇ ಹೌದು. ಆದರೆ ಸುತ್ತೋಲೆಯನ್ನು ಹೊರಡಿಸಿದ ಕಚೇರಿಯೇ ಅದನ್ನು ಬದಲಾಯಿಸಬಹುದು, ಹಿಂದೆಗೆದುಕೊಳ್ಳಲೂಬಹುದು. ಅದರ ಉಲ್ಲಂಘನೆಯನ್ನು ಸ್ವತಂತ್ರ ಪ್ರಾಧಿಕಾರವೊಂದರ ಮುಂದೆ ಪ್ರಶ್ನಿಸುವ ದಾರಿ ಅದರಲ್ಲಿಲ್ಲ.

ಮೈಸೂರು ರಾಜ್ಯ ಕೊಟ್ಟ ನೆಲ

ಪ್ರತ್ಯೇಕ ಕಾಯ್ದೆ ಇಲ್ಲದೆಯೂ ಆಶ್ರಯವೊಂದು ಎಷ್ಟು ಸಮಗ್ರವಾಗಬಹುದು ಎಂಬುದನ್ನು ಟಿಬೆಟನ್ನರ ಇತಿಹಾಸ ತೋರಿಸುತ್ತದೆ. 1954ರ ಏಪ್ರಿಲ್ 29ರ ಒಪ್ಪಂದದ ಮೂಲಕ ಭಾರತವು ಟಿಬೆಟ್ ಚೀನಾದ ಭಾಗವೆಂಬುದನ್ನು ಒಪ್ಪಿಕೊಂಡಿತ್ತು. ಪಂಚಶೀಲದ ಐದು ತತ್ತ್ವಗಳು ಆ ಒಪ್ಪಂದದ ಪೀಠಿಕೆಯಲ್ಲಿಯೇ ಇದ್ದವು. ಐದು ವರ್ಷ ಕಳೆಯುವುದರೊಳಗೆ, 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನರು ದಂಗೆಯೆದ್ದು, ಅದನ್ನು ಚೀನಾದ ಸೇನೆ ಹತ್ತಿಕ್ಕುವ ಮೊದಲೇ ದಲೈ ಲಾಮಾ ಅವರು ಗುಟ್ಟಾಗಿ ನಗರವನ್ನು ತೊರೆದು, ಹಿಮಾಲಯದ ಕಣಿವೆಗಳನ್ನು ದಾಟಿ ಮಾರ್ಚ್ 31ರಂದು ಭಾರತದ ನೆಲವನ್ನು ಪ್ರವೇಶಿಸಿದರು. ಏಪ್ರಿಲ್ 3ರಂದು ಜವಾಹರಲಾಲ್ ನೆಹರೂ ಲೋಕಸಭೆಗೆ ಈ ವಿಷಯವನ್ನು ತಿಳಿಸಿದರು. ಟಿಬೆಟನ್ನರ ದೇಶಭ್ರಷ್ಟ ಸರ್ಕಾರಕ್ಕೆ ಮಾನ್ಯತೆಯಿಲ್ಲ, ಭಾರತದ ನೆಲದಿಂದ ಚೀನಾ ವಿರೋಧಿ ರಾಜಕೀಯ ಚಟುವಟಿಕೆಗೆ ಅವಕಾಶವಿಲ್ಲ, ಆದರೆ ಬಂದವರನ್ನು ಹಿಂದಕ್ಕೆ ಕಳಿಸುವುದೂ ಇಲ್ಲ ಎಂಬ ಮೂರು ಎಳೆಗಳ ನೀತಿ ಹೀಗೆ ರೂಪುಗೊಂಡಿತು. ಚೀನಾದ ಕೋಪವನ್ನು ಲೆಕ್ಕಿಸಿಯೂ ನೆಹರೂ ಸರ್ಕಾರ ಈ ನಿಲುವನ್ನು ಬಿಡಲಿಲ್ಲ.

ದಲೈ ಲಾಮಾ ಅವರನ್ನು ಹಿಂಬಾಲಿಸಿ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲೂ ಬಂಗಾಳದ ಬಕ್ಸಾ ಕೋಟೆಯಲ್ಲೂ ತಾತ್ಕಾಲಿಕ ಶಿಬಿರಗಳು ತೆರೆದವು. ಚಳಿಯ ಎತ್ತರದ ನಾಡಿನಿಂದ ಬಯಲಿನ ಸೆಕೆಗೆ ಬಂದವರನ್ನು ಕ್ಷಯವೂ ಇತರ ರೋಗಗಳೂ ಕಾಡಿದವು. ಗಟ್ಟಿಮುಟ್ಟಾದವರನ್ನು ಹಿಮಾಲಯದ ರಸ್ತೆ ಕಾಮಗಾರಿಗೆ ಕಳುಹಿಸಲಾಯಿತು. ಚದುರಿಹೋದರೆ ಈ ಜನರ ಭಾಷೆ, ಧರ್ಮ, ಸಂಸ್ಕೃತಿ ಅಳಿದುಹೋಗುತ್ತವೆ, ಆದ್ದರಿಂದ ಅವರನ್ನು ಒಟ್ಟಾಗಿ ನೆಲೆಗೊಳಿಸಬೇಕು ಎಂಬ ನಿರ್ಧಾರಕ್ಕೆ ಬಂದ ಕೇಂದ್ರವು ಭೂಮಿಗಾಗಿ ರಾಜ್ಯಗಳನ್ನು ಕೇಳಿತು.

ಕೇಂದ್ರವು ಕೇಳಬೇಕಾಗಿ ಬಂದದ್ದಕ್ಕೆ ಸಾಂವಿಧಾನಿಕ ಕಾರಣವಿದೆ. ಪೌರತ್ವ, ವಿದೇಶಿಯರು, ದೇಶ ಪ್ರವೇಶ, ಗಡೀಪಾರು ಇವು ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿರುವುದರಿಂದ ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವುದು ದೆಹಲಿ. ಆದರೆ ಭೂಮಿ ರಾಜ್ಯ ಪಟ್ಟಿಯಲ್ಲಿರುವುದರಿಂದ ಬಂದವರು ಎಲ್ಲಿ ಬೇರೂರಬೇಕೆಂಬುದು ರಾಜ್ಯದ ಒಪ್ಪಿಗೆಯಿಲ್ಲದೆ ನಡೆಯದು. ಈ ಕರೆಗೆ ಮೈಸೂರು ರಾಜ್ಯ ಧಾರಾಳವಾಗಿ ಓಗೊಟ್ಟು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಒದಗಿಸಿತು. ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ ಅವರು ತೋರಿದ ಆದರವನ್ನು ದಲೈ ಲಾಮಾ ಅವರು ಕೃತಜ್ಞತೆಯಿಂದ ಮತ್ತೆ ಮತ್ತೆ ನೆನೆದಿದ್ದಾರೆ.

ಬೈಲಕುಪ್ಪೆಯ ಲುಗ್‌ಸುಂಗ್ ಸಾಮ್ದುಪ್ಲಿಂಗ್ ವಸತಿ 1960-61ರಲ್ಲಿ ಆರಂಭವಾಯಿತು. ಮೊದಲ ತಂಡದವರು ಡೇರೆಗಳಲ್ಲಿ ವಾಸಿಸುತ್ತ, ಕಾಡು ಕಡಿದು, ಆನೆಗಳ ಕಾಟವನ್ನು ಎದುರಿಸಿ, ತಾವು ಎಂದೂ ಬೆಳೆಯದಿದ್ದ ಮುಸುಕಿನ ಜೋಳವನ್ನು ಬೆಳೆಯಲು ಕಲಿತರು. ಮುಂದೆ ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿ, ಬೈಲಕುಪ್ಪೆಯಲ್ಲೇ ಎರಡನೆಯದಾಗಿ 1969ರಲ್ಲಿ, ಹುಣಸೂರಿನ ಗುರುಪುರದಲ್ಲಿ 1972ರಲ್ಲಿ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ 1974ರಲ್ಲಿ ವಸತಿಗಳು ತಲೆಯೆತ್ತಿದವು. ಇದೇ ಕಾರ್ಯಕ್ಕಾಗಿ 1968ರಲ್ಲಿ ಹುಟ್ಟಿದ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ, ಮುಂದೆ ಸ್ಥಳೀಯ ಗ್ರಾಮೀಣ ಬಡವರ ನಡುವೆ ದುಡಿಯುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಲ್ಹಾಸಾದ ಸುತ್ತಲಿನ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲೂ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲೂ ಮರುಸ್ಥಾಪನೆಗೊಂಡವು. ಇಂದು ಕುಶಾಲನಗರದ ಕಡೆಗೆ ಹೋಗುವ ಪ್ರವಾಸಿಗರೆಲ್ಲ ಗೋಲ್ಡನ್ ಟೆಂಪಲ್ ಎಂದೇ ಗುರುತಿಸುವ ನಾಮ್‌ಡ್ರೋಲಿಂಗ್ ವಿಹಾರವೂ ಈ ವಸತಿಯೊಳಗೇ ಇದೆ.

ಈ ಪುನರ್ವಸತಿ ಯಶಸ್ವಿಯಾದದ್ದು ಕೇವಲ ಸದ್ಭಾವನೆಯಿಂದಲ್ಲ. ಕೇಂದ್ರವು ಹಣವನ್ನೂ ಶಾಲೆಗಳನ್ನೂ, ರಾಜ್ಯವು ಭೂಮಿಯನ್ನೂ, ಹೊರದೇಶದ ಸಂಸ್ಥೆಗಳು ಯಂತ್ರೋಪಕರಣ ಮತ್ತು ತಜ್ಞರನ್ನೂ ಒದಗಿಸಿದರೆ, ಟಿಬೆಟನ್ನರ ಸ್ವಂತ ಆಡಳಿತವು ಸಹಕಾರ ಸಂಘಗಳ ಮೂಲಕ ಎಲ್ಲವನ್ನೂ ನೆಲದ ಮೇಲೆ ಜೋಡಿಸಿತು. ಟಿಬೆಟನ್ ಮಕ್ಕಳಿಗೆ ಅವರ ಭಾಷೆಯ ಕಲಿಕೆಗೂ ಆಸ್ಪದವಿರುವ ಶಾಲೆಗಳನ್ನು ನಡೆಸಲು 1961ರಲ್ಲೇ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಪ್ರತ್ಯೇಕ ಸಂಸ್ಥೆಯೊಂದು ಸ್ಥಾಪನೆಯಾಯಿತು. ಹೊರಗಿನಿಂದ ಬಂದವರನ್ನು ಪರಿಹಾರದ ಅಕ್ಕಿಬೇಳೆಯ ಮೇಲೆ ಬದುಕುವ ಶಿಬಿರವಾಸಿಗಳಾಗಿ ಇಡದೆ, ದುಡಿದು ಉಣ್ಣುವ ಸಮುದಾಯವಾಗಿ ಕಟ್ಟಿದ್ದೇ ಈ ಪ್ರಯೋಗದ ವೈಶಿಷ್ಟ್ಯ.

ಇಷ್ಟಿದ್ದೂ ಈ ಸಮುದಾಯದ ಕಾನೂನಿನ ನೆಲೆ ಒಂದು ಕಾಗದದ ಮೇಲೆ ನಿಂತಿದೆ. ವಿದೇಶಿಯರ ನೋಂದಣಿ ಪ್ರಮಾಣಪತ್ರವನ್ನು ಟಿಬೆಟನ್ನರು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತಿನ ಪತ್ರವನ್ನು ಪಡೆಯಬೇಕು. ಅವರು ಉಳುವ ನೆಲ ಅವರದಲ್ಲ, ಗುತ್ತಿಗೆಯದು. ಬಂದು ಅರ್ಧ ಶತಮಾನ ಕಳೆದ ಮೇಲೆ, 2014ರಲ್ಲಿ ಗೃಹ ಸಚಿವಾಲಯವು ಟಿಬೆಟನ್ ಪುನರ್ವಸತಿ ನೀತಿಯನ್ನು ಪ್ರಕಟಿಸಿ, ಭೂಮಿಯ ಗುತ್ತಿಗೆ ಪತ್ರಗಳನ್ನು ಸರಿಪಡಿಸಲು ಹಾಗೂ ಕಲ್ಯಾಣ ಯೋಜನೆಗಳ ಪ್ರಯೋಜನವನ್ನು ಅವರಿಗೂ ವಿಸ್ತರಿಸಲು ರಾಜ್ಯಗಳಿಗೆ ಸೂಚಿಸಿತು. ಅದು ಕೂಡ ಸರ್ಕಾರದ ನೀತಿಯೇ ಹೊರತು ಸಂಸತ್ತಿನ ಕಾಯ್ದೆಯಲ್ಲ.

ಪೌರತ್ವದ ಪ್ರಶ್ನೆಯಲ್ಲಿ ಈ ಗೊಂದಲ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1955ರ ಪೌರತ್ವ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರವರೆಗೆ ಭಾರತದಲ್ಲಿ ಹುಟ್ಟಿದ ಬಹುತೇಕ ಎಲ್ಲರೂ, ತಂದೆತಾಯಿಯರು ಯಾರೇ ಆಗಿರಲಿ, ಜನ್ಮತಃ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲೂ ಕರ್ನಾಟಕ ಹೈಕೋರ್ಟ್ 2013ರಲ್ಲೂ ತೀರ್ಪಿತ್ತವು. ಚುನಾವಣಾ ಆಯೋಗವು 2014ರಲ್ಲಿ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಮುಂದಾದ ಸರ್ಕಾರವು ಅದನ್ನು ಪಡೆಯುವವರು ನೋಂದಣಿ ಪತ್ರವನ್ನು ಹಿಂದಿರುಗಿಸಬೇಕು, ಟಿಬೆಟನ್ ವಸತಿಯಲ್ಲಿ ವಾಸಿಸಬಾರದು, ನಿರಾಶ್ರಿತರಿಗೆ ಸಿಗುವ ಸೌಲಭ್ಯಗಳನ್ನು ಬಿಡಬೇಕು ಎಂಬ ಷರತ್ತುಗಳನ್ನು ವಿಧಿಸಿತು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದವನೊಬ್ಬ ಭಾರತದ ನಾಗರಿಕನಾಗಬೇಕಾದರೆ ಬೈಲಕುಪ್ಪೆಯನ್ನೇ ಬಿಡಬೇಕಾಗುವ ವಿಚಿತ್ರ ಸ್ಥಿತಿ ಇದರಿಂದ ಹುಟ್ಟಿತು. ದೇಶಭ್ರಷ್ಟ ಟಿಬೆಟನ್ ಆಡಳಿತವು 2009ರಲ್ಲಿ ನಡೆಸಿದ ಎಣಿಕೆಯಲ್ಲಿ ಭಾರತದಲ್ಲಿ ಸುಮಾರು 94,000 ಟಿಬೆಟನ್ನರಿದ್ದರು; ಅಲ್ಲಿಂದೀಚೆಗೆ ಯುವಜನರು ಅಮೆರಿಕ, ಕೆನಡಾ, ಯುರೋಪುಗಳತ್ತ ಹೊರಟಂತೆ ಈ ಸಂಖ್ಯೆ ಇಳಿಯುತ್ತಿದೆ. ಉದ್ಯೋಗದ ಆಸೆಯ ಜೊತೆಗೆ ಪೂರ್ಣ ಪೌರತ್ವದ ಆಸೆಯೂ ಈ ವಲಸೆಯ ಹಿಂದೆ ಕೆಲಸ ಮಾಡುತ್ತಿದೆ.

ಒಬ್ಬೊಬ್ಬರಿಗೆ ಒಂದೊಂದು ಅಳತೆ

ಟಿಬೆಟನ್ನರಿಗೆ ದೊರೆತದ್ದು ಉಳಿದವರಿಗೆ ದೊರೆಯಲಿಲ್ಲ. ಶ್ರೀಲಂಕಾದ ತಮಿಳರಿಗೆ ತಮಿಳುನಾಡಿನ ಶಿಬಿರಗಳಲ್ಲಿ ವಸತಿ, ನಗದು ಸಹಾಯ, ಪಡಿತರ, ಶಿಕ್ಷಣ ಸಿಕ್ಕಿದರೂ, 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಅವರ ಹತ್ಯೆಯಾದ ನಂತರ ಅವರ ಬಗೆಗಿನ ಧೋರಣೆ ಒಮ್ಮೆಲೇ ಬಿಗಿಯಾಯಿತು. ಹತ್ಯೆಯೊಂದಿಗೆ ಯಾವ ಸಂಬಂಧವೂ ಇಲ್ಲದ ಕುಟುಂಬಗಳೂ ಅನುಮಾನದ ನೋಟವನ್ನು ಎದುರಿಸಬೇಕಾಯಿತು. ಅದೇ ದ್ವೀಪದಿಂದ ಬಂದರೂ ಬೇರೆಯೇ ವರ್ಗಕ್ಕೆ ಸೇರಿದವರು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ, ಚಹಾ ತೋಟಗಳ ಭಾರತೀಯ ಮೂಲದ ಕೂಲಿಕಾರರಲ್ಲಿ 5,25,000 ಜನರನ್ನು ಭಾರತವು ತನ್ನ ನಾಗರಿಕರನ್ನಾಗಿ ಸ್ವೀಕರಿಸಬೇಕಿತ್ತು. ಹೀಗೆ ಬಂದವರು ಕಾನೂನಿನ ಭಾಷೆಯಲ್ಲಿ ನಿರಾಶ್ರಿತರಲ್ಲ, ಮರಳಿ ಬಂದ ನಾಗರಿಕರು. ರಾಯಚೂರು ಜಿಲ್ಲೆಯ ಸಿಂಧನೂರಿನ ಶಿಬಿರಗಳಲ್ಲಿ ನೆಲೆಗೊಂಡ ಪೂರ್ವ ಪಾಕಿಸ್ತಾನದ ಬಂಗಾಳಿ ಹಿಂದೂಗಳಲ್ಲಿ ಅನೇಕರು ಪೌರತ್ವ ಪತ್ರಕ್ಕಾಗಿ ದಶಕಗಳ ಕಾಲ ಕಾಯಬೇಕಾಯಿತು.

2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಇಂಥವರ ಒಂದು ವರ್ಗಕ್ಕೆ ದಾರಿ ತೆರೆಯಿತು. ಆಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರು ಹನ್ನೊಂದರ ಬದಲು ಐದೇ ವರ್ಷಗಳ ವಾಸದ ಆಧಾರದ ಮೇಲೆ ಪೌರತ್ವ ಕೋರಬಹುದೆಂದು ಅದು ಹೇಳಿತು. ನಿಯಮಗಳು 2024ರ ಮಾರ್ಚ್ 11ರಂದು ಹೊರಬಿದ್ದವು. ಮೂರು ಇಸ್ಲಾಮಿಕ್ ರಾಷ್ಟ್ರಗಳ ಧಾರ್ಮಿಕ ಅಲ್ಪಸಂಖ್ಯಾತರಿಗೆ ಐತಿಹಾಸಿಕ ನ್ಯಾಯ ಒದಗಿಸುವ ಕ್ರಮವಿದು ಎಂದು ಸರ್ಕಾರ ಸಮರ್ಥಿಸಿದರೆ, ರಕ್ಷಣೆಯನ್ನು ಧರ್ಮದ ಅಳತೆಗೋಲಿನಿಂದ ಹಂಚುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ವಿರೋಧಿಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿದ್ದಾರೆ. ಈ ವಾದವಿವಾದದ ಅಬ್ಬರದಲ್ಲಿ ಹಿನ್ನೆಲೆಗೆ ಸರಿದ ಅಂಶವೊಂದಿದೆ. ಇದು ಪೌರತ್ವದ ಕಾಯ್ದೆಯೇ ಹೊರತು ಆಶ್ರಯದ ಕಾಯ್ದೆಯಲ್ಲ; ನಿಗದಿತ ದಿನಾಂಕದ ನಂತರ ಬಂದವರಿಗಾಗಲಿ, ಟಿಬೆಟ್, ಶ್ರೀಲಂಕಾ, ಮ್ಯಾನ್ಮಾರ್‌ಗಳಿಂದ ಬಂದವರಿಗಾಗಲಿ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಬೇಟೆಗೊಳಗಾದವರಿಗಾಗಲಿ ಇದರಲ್ಲಿ ಜಾಗವಿಲ್ಲ.

ಕೇಂದ್ರ ಮತ್ತು ರಾಜ್ಯಗಳ ನಡುವಿನ ಹೊಂದಾಣಿಕೆಯೂ ಮೈಸೂರಿನ ಕಾಲದಲ್ಲಿದ್ದಂತೆ ಎಲ್ಲೆಡೆ ಇರಲಿಲ್ಲ. 2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಬಳಿಕ ಚಿನ್ ಜನರು ಮಿಜೋರಾಮಿಗೆ ಬರತೊಡಗಿದಾಗ, ರಾಜ್ಯಗಳಿಗೆ ಯಾವ ವಿದೇಶಿಯನಿಗೂ ನಿರಾಶ್ರಿತನೆಂಬ ಸ್ಥಾನ ಕೊಡುವ ಅಧಿಕಾರವಿಲ್ಲ, ಒಳನುಸುಳುವಿಕೆಯನ್ನು ತಡೆಯಬೇಕು ಎಂದು ಗೃಹ ಸಚಿವಾಲಯ ಮಾರ್ಚ್ 10ರಂದು ಈಶಾನ್ಯದ ಗಡಿ ರಾಜ್ಯಗಳಿಗೆ ಬರೆಯಿತು. ಮಿಜೋಗಳಿಗೂ ಚಿನ್ ಜನರಿಗೂ ರಕ್ತಸಂಬಂಧವಿದೆ, ಅವರ ಸಂಕಟಕ್ಕೆ ಬೆನ್ನು ತಿರುಗಿಸಲಾಗದು ಎಂದು ಆಗಿನ ಮುಖ್ಯಮಂತ್ರಿ ಜೋರಮ್‌ಥಂಗಾ ಪ್ರಧಾನಿಗೆ ಪತ್ರ ಬರೆದರು. ಕಾನೂನು ಕೇಂದ್ರದ ಕಡೆಗಿದ್ದರೂ, ಚರ್ಚುಗಳೂ ಯುವಜನ ಸಂಘಗಳೂ ಹಳ್ಳಿಗಳೂ ಸೇರಿ ಸಾವಿರಾರು ಜನರಿಗೆ ಅನ್ನ, ಸೂರು ಒದಗಿಸಿದವು.

ಇನ್ನು ಪದಚ್ಯುತ ನಾಯಕರ ವಿಷಯದಲ್ಲಿ ಆಶ್ರಯವು ನೇರವಾಗಿ ರಾಜತಾಂತ್ರಿಕ ನಿರ್ಧಾರವಾಗುತ್ತದೆ. ನೇಪಾಳದ ರಾಜ ತ್ರಿಭುವನ್ 1950ರ ನವೆಂಬರಿನಲ್ಲಿ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯೊಳಗೆ ಆಶ್ರಯ ಪಡೆದು ಅಲ್ಲಿಂದ ದೆಹಲಿಗೆ ಬಂದರು. ತಂದೆ ಮುಜಿಬುರ್ ರಹಮಾನ್ ಅವರ ಹತ್ಯೆಯ ನಂತರ ದೆಹಲಿಯಲ್ಲಿ ನೆಲೆಸಿ 1981ರಲ್ಲಿ ಸ್ವದೇಶಕ್ಕೆ ಮರಳಿದ್ದ ಶೇಖ್ ಹಸೀನಾ, ಬಾಂಗ್ಲಾದೇಶದ ಪ್ರಧಾನಿ ಪದವಿಯನ್ನು ತೊರೆದು 2024ರ ಆಗಸ್ಟ್ 5ರಂದು ಎರಡನೆಯ ಬಾರಿ ಭಾರತಕ್ಕೆ ಬಂದರು. ಢಾಕಾದ ನ್ಯಾಯಮಂಡಳಿ 2025ರ ನವೆಂಬರ್ 17ರಂದು ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದೆ. ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಯಾರನ್ನೂ ಹಸ್ತಾಂತರಿಸಬಾರದೆಂಬ ತತ್ತ್ವ ಭಾರತದ 1962ರ ಹಸ್ತಾಂತರ ಕಾಯ್ದೆಯ 31ನೆಯ ಸೆಕ್ಷನ್‌ನಲ್ಲೂ ಬಾಂಗ್ಲಾದೇಶದೊಂದಿಗಿನ 2013ರ ಒಪ್ಪಂದದಲ್ಲೂ ಇದೆ. ಕೊಲೆಯಂಥ ಅಪರಾಧಗಳನ್ನು ಈ ವಿನಾಯಿತಿಯಿಂದ ಅದೇ ಒಪ್ಪಂದ ಹೊರಗಿಟ್ಟಿದೆ. ಹಸ್ತಾಂತರವನ್ನು ತಡೆಯುವ ಕಾನೂನು ಹೀಗೆ ಲಿಖಿತ ರೂಪದಲ್ಲಿದ್ದರೆ, ಆಶ್ರಯವನ್ನು ನೀಡುವ ಕಾನೂನು ಮಾತ್ರ ಇಲ್ಲ. ದೊಡ್ಡವರಿಗೆ ಈ ಕೊರತೆ ತೊಡಕಾಗುವುದಿಲ್ಲ, ಏಕೆಂದರೆ ಅವರ ವಿಷಯ ಉನ್ನತ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಹೆಸರಿಲ್ಲದ ವಿದ್ಯಾರ್ಥಿ, ಕಾರ್ಮಿಕ ಮುಖಂಡ ಅಥವಾ ವರದಿಗಾರನಿಗೆ ಇದು ಸೆರೆಮನೆಗೂ ಸ್ವಾತಂತ್ರ್ಯಕ್ಕೂ ನಡುವಿನ ಅಂತರವಾಗಬಹುದು.

ಕಾಯ್ದೆ ಬಂದರೆ ಏನಾದೀತು?

ಭಾರತಕ್ಕೊಂದು ನಿರಾಶ್ರಿತರ ಕಾಯ್ದೆ ಬೇಕೆಂಬ ಪ್ರಯತ್ನ ಹೊಸದಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ದೇಶಗಳಿಗೆ ಮಾದರಿ ಕಾಯ್ದೆಯೊಂದು ಸಿದ್ಧವಾಯಿತು. ಸಂಸದ ಶಶಿ ತರೂರ್ 2015ರಲ್ಲೂ 2022ರಲ್ಲೂ ಲೋಕಸಭೆಯಲ್ಲಿ ಖಾಸಗಿ ಮಸೂದೆಗಳನ್ನು ಮಂಡಿಸಿದರು. ಯಾವುದೂ ಕಾಯ್ದೆಯಾಗಲಿಲ್ಲ.

ಕಾಯ್ದೆ ಬಂದರೆ ಗಡಿಗಳು ತೆರೆದುಕೊಳ್ಳುತ್ತವೆ, ಬಡ ದೇಶವೊಂದು ಹೊರಲಾಗದ ಹೊರೆಯನ್ನು ತಲೆಗೇರಿಸಿಕೊಳ್ಳುತ್ತದೆ, ಭಯೋತ್ಪಾದಕರು ನಿರಾಶ್ರಿತರ ವೇಷದಲ್ಲಿ ಬರುತ್ತಾರೆ ಎಂಬ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇವುಗಳಲ್ಲಿ ಮೊದಲ ಎರಡಕ್ಕೆ ಇತಿಹಾಸವೇ ಉತ್ತರಿಸುತ್ತದೆ. 1971ರಲ್ಲಿ ಒಂದು ಕೋಟಿ ಜನ ಬಂದದ್ದು ಕಾಯ್ದೆಯನ್ನು ಓದಿಕೊಂಡಲ್ಲ, ಬಾಂಗ್ಲಾದೇಶ ಸ್ವತಂತ್ರವಾದ ಕೂಡಲೇ ಅವರಲ್ಲಿ ಬಹುಪಾಲು ಜನ ಮರಳಿದ್ದೂ ಯಾವುದೋ ಕಾಯ್ದೆಯ ಬಲದಿಂದಲ್ಲ. ಭದ್ರತೆಯ ದೃಷ್ಟಿಯಿಂದ ನೋಡಿದರೂ, ಬಂದವರನ್ನು ನೋಂದಾಯಿಸಿ ಒಬ್ಬೊಬ್ಬರ ಹಿನ್ನೆಲೆಯನ್ನು ಕಾಲಮಿತಿಯೊಳಗೆ ವಿಚಾರಿಸುವ ವ್ಯವಸ್ಥೆಯಿರುವ ದೇಶಕ್ಕೆ ತನ್ನ ನೆಲದ ಮೇಲಿರುವವರು ಯಾರೆಂಬುದು ತಿಳಿದಿರುತ್ತದೆ. ಸಿಕ್ಕಿಬೀಳುವ ಭಯದಿಂದ ಅಡಗಿ ಬದುಕುವವರ ಬಗ್ಗೆ ಯಾವ ಸರ್ಕಾರಕ್ಕೂ ಅಂಥ ತಿಳಿವಳಿಕೆ ಸಾಧ್ಯವಿಲ್ಲ.

ಟಿಬೆಟನ್ನರ ಅನುಭವದಿಂದ ಕಲಿಯಬೇಕಾದ ಪಾಠವೂ ಇಲ್ಲಿಯೇ ಇದೆ. ಅವರ ವಿಷಯದಲ್ಲಿ ಭಾರತ ಒಂದು ಕಾಯ್ದೆ ಮಾಡಬಹುದಾದ ಬಹುತೇಕ ಕೆಲಸಗಳನ್ನು, ಅಂದರೆ ನೋಂದಣಿ, ಪ್ರಯಾಣ ಪತ್ರ, ಭೂಮಿ, ಶಾಲೆ, ದುಡಿಮೆಯ ಅವಕಾಶ, ಮರಳಿ ಅಟ್ಟದಿರುವ ಭರವಸೆ ಇವೆಲ್ಲವನ್ನೂ ಆರು ದಶಕಗಳ ಕಾಲ ಮಾಡಿ ತೋರಿಸಿದೆ. ಹಾಗಾಗಿ ಇಂಥ ವ್ಯವಸ್ಥೆ ಭಾರತಕ್ಕೆ ಅಸಾಧ್ಯವೆಂಬ ವಾದ ನಿಲ್ಲುವುದಿಲ್ಲ. ಉಳಿಯುವ ಪ್ರಶ್ನೆ, ಒಂದು ಜನಸಮುದಾಯಕ್ಕೆ ಸರ್ಕಾರದ ಅನುಗ್ರಹವಾಗಿ ದೊರೆತದ್ದನ್ನು ಅದೇ ಸ್ಥಿತಿಯಲ್ಲಿರುವ ಇತರರಿಗೆ ನಿಯಮವಾಗಿ ವಿಸ್ತರಿಸಲು ದೇಶ ಸಿದ್ಧವಿದೆಯೇ ಎಂಬುದು. ಅಂಥ ನಿಯಮವು ಕೇಳಿದವರಿಗೆಲ್ಲ ಆಶ್ರಯ ಕೊಡಬೇಕೆಂದು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಕೋರಿಕೆಯನ್ನು ಕೇಳಬೇಕು, ತೀರ್ಮಾನಕ್ಕೆ ಕಾರಣ ಕೊಡಬೇಕು, ಆ ಕಾರಣವನ್ನು ಇನ್ನೊಂದು ಪ್ರಾಧಿಕಾರದ ಮುಂದೆ ಪ್ರಶ್ನಿಸಲು ಬಿಡಬೇಕು ಎಂದಷ್ಟೇ ಅದು ಬಯಸುತ್ತದೆ. ತನ್ನ ನಾಗರಿಕರ ವಿಷಯದಲ್ಲಿ ಗಣರಾಜ್ಯವು ಈ ಮೂರನ್ನೂ ಎಂದೋ ಒಪ್ಪಿಕೊಂಡಿದೆ. 14 ಮತ್ತು 21ನೆಯ ವಿಧಿಗಳನ್ನು ನಾಗರಿಕರಿಗಷ್ಟೇ ಸೀಮಿತಗೊಳಿಸದೆ ಬರೆದ ಸಂವಿಧಾನಕರ್ತರು, ಹೊರಗಿನಿಂದ ಬಂದವರ ವಿಷಯದಲ್ಲೂ ಅದನ್ನು ಒಪ್ಪಿಕೊಳ್ಳಲು ಬೇಕಾದ ಆಧಾರವನ್ನು ಆಗಲೇ ಒದಗಿಸಿಟ್ಟಿದ್ದಾರೆ.